ಏಟು ಬಿದ್ದ ಮೇಲೆ ಕ್ಯಾಮೆರಾ ಎಲ್ಲಿ ಹೋಗುತ್ತದೆ? ಕ್ರೌರ್ಯದ ಸಿನಿಮಾ ನೋಡುವವರಿಗೊಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ ಲಾಂಗು ಮಚ್ಚಿನ ಸಿನಿಮಾಗೆ ಬರಗಾಲ ಬಂದಿದ್ದೇ ಇಲ್ಲ. ಶುಕ್ರವಾರ ಬಂತು ಅಂದರೆ ಯಾವುದೋ ಒಂದು ಪೋಸ್ಟರಿನಲ್ಲಿ ಹೀರೋ ಮುಖಕ್ಕೆ ರಕ್ತ ಚಿಮ್ಮಿರುತ್ತದೆ. ಆದರೆ ಹೊಡೆದಾಟ ತೋರಿಸುವ ಸಿನಿಮಾ ಬೇರೆ, ಮನುಷ್ಯ ಯಾಕೆ ಹೊಡೆಯುತ್ತಾನೆ, ಹೊಡೆದ ಮೇಲೆ ಏನಾಗುತ್ತಾನೆ ಅಂತ ಕೆದಕುವ ಸಿನಿಮಾ ಬೇರೆ. ಎರಡನೇ ಥರದ್ದನ್ನು ನೋಡೋಕೆ ಸ್ವಲ್ಪ ತಯಾರಿ ಬೇಕು. ಯಾವುದರಿಂದ ಶುರು ಮಾಡೋದು, ಎಲ್ಲಿ ನೋಡೋದು, ನೋಡುವಾಗ ಏನು ಗಮನಿಸೋದು, ಯಾವಾಗ ಎದ್ದು ಬರೋದು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ನನ್ನ ಅಳತೆಗೋಲು ಒಂದೇ. ಏಟು ಬಿದ್ದ ಮೇಲೆ ಕ್ಯಾಮೆರಾ ಎಲ್ಲಿ ಹೋಗುತ್ತದೆ ನೋಡಿ. ಹೊಡೆದವನ ಜೊತೆ ಸ್ಲೋ ಮೋಷನ್‌ನಲ್ಲಿ ನಡೆದು ಹೋಗುತ್ತದೋ? ಬಿದ್ದವನ ಹತ್ತಿರ ಉಳಿಯುತ್ತದೋ? ಅವನ ಮನೆ ಬಾಗಿಲವರೆಗೂ ಹೋಗುತ್ತದೋ? ಎಷ್ಟು ರಕ್ತ ಹರಿಯಿತು ಅನ್ನುವುದಕ್ಕಿಂತ ಈ ಒಂದು ವಿಷಯ ಆ ಸಿನಿಮಾ ಬಗ್ಗೆ ಜಾಸ್ತಿ ಹೇಳುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಮೊದಲ ಹೆಜ್ಜೆ: ಸರ್ಟಿಫಿಕೇಟ್ ಓದಿ

ಸಿನಿಮಾ ಶುರುವಾಗುವ ಮುಂಚೆ ತೆರೆ ಮೇಲೆ ಸೆನ್ಸಾರ್ ಸರ್ಟಿಫಿಕೇಟ್ ಬರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ. ಆ ಹೊತ್ತಿಗೆ ಜನ ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿರುತ್ತಾರೆ. ಹಾಗಾಗಿ ಟಿಕೆಟ್ ಬುಕ್ ಮಾಡುವಾಗಲೇ ನೋಡಿಕೊಳ್ಳಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಇದನ್ನು ಕೊಡುವುದು ಸಿಬಿಎಫ್‌ಸಿ, ಅಂದರೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. ಅದರದ್ದೊಂದು ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೂ ಇದೆ. ಯು ಅಂದರೆ ಎಲ್ಲರಿಗೂ. ಎ ಅಂದರೆ 18 ತುಂಬಿದವರಿಗೆ ಮಾತ್ರ. ನಡುವಿನ ಯುಎ ಮೊದಲು ಒಂದೇ ಇತ್ತು. 2023ರ ತಿದ್ದುಪಡಿ ಬಂದ ಮೇಲೆ ಅದು 7+, 13+, 16+ ಅಂತ ಮೂರಾಯಿತು. ಇಲ್ಲೊಂದು ವ್ಯತ್ಯಾಸ ಇದೆ. ಎ ಸಿನಿಮಾಗೆ ಚಿಕ್ಕವರನ್ನು ಬಿಡುವಂತಿಲ್ಲ, ಅದು ಕಾನೂನು. ಯುಎ ಪಕ್ಕದ ಸಂಖ್ಯೆ ಅಪ್ಪ ಅಮ್ಮನಿಗೆ ಕೊಟ್ಟ ಸಲಹೆ ಅಷ್ಟೇ. ಯೋಚನೆ ಮಾಡಬೇಕಾದವರು ನೀವು.

ಥಿಯೇಟರಿನ ಸರ್ಟಿಫಿಕೇಟ್ ವಯಸ್ಸು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಒಟಿಟಿ ಈ ವಿಷಯದಲ್ಲಿ ವಾಸಿ. 2021ರ ಐಟಿ ನಿಯಮಗಳ ಪ್ರಕಾರ ಅವರು ವಯಸ್ಸಿನ ಜೊತೆ ಕಾರಣವನ್ನೂ ತೋರಿಸಬೇಕು. ಹಿಂಸೆ, ಬೈಗುಳ, ಮಾದಕ ವಸ್ತು, ಹೀಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂದು ಹೋಗುತ್ತದೆ. ಪಾಸ್ ಮಾಡಿ ಓದಿ. ಅಂದಹಾಗೆ, ತೆರೆ ಮೇಲೆ ಯಾರಾದರೂ ಸಿಗರೇಟ್ ಹಚ್ಚಿದರೆ ತಕ್ಷಣ ಕೆಳಗೆ ಎಚ್ಚರಿಕೆ ಬರುತ್ತದೆ. ಲಾಂಗ್ ಎತ್ತಿದರೆ ಅಂಥದ್ದೇನೂ ಬರುವುದಿಲ್ಲ. ಆ ಎಚ್ಚರಿಕೆಯನ್ನು ನಾವೇ ಹಾಕಿಕೊಳ್ಳಬೇಕು.

ಎರಡನೇ ಹೆಜ್ಜೆ: ರಕ್ತ ಕಡಿಮೆ ಇರುವುದರಿಂದ ಶುರು ಮಾಡಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಗೆಳೆಯರು ಯಾರೋ "ನೋಡೋಕಾಗಲ್ಲ ಗುರು, ಅಷ್ಟು ಭಯಂಕರ" ಅಂದಿದ್ದನ್ನೇ ಮೊದಲು ಹಾಕಿಕೊಂಡು ಕೂರುತ್ತಾರೆ. ಅರ್ಧಕ್ಕೆ ಆಫ್ ಮಾಡಿ, "ಇದು ನಮಗಲ್ಲ" ಅಂತ ಎದ್ದುಬಿಡುತ್ತಾರೆ. ಬೇಡ. ಹಳೆಯ ಕಪ್ಪುಬಿಳುಪು ಸಿನಿಮಾಗಳಿಂದ ಶುರು ಮಾಡಿ.

ಫ್ರಿಟ್ಜ್ ಲಾಂಗ್ ಅವರ ಜರ್ಮನ್ ಸಿನಿಮಾ 'ಎಂ' ಬಂದಿದ್ದು 1931ರಲ್ಲಿ. ಮಕ್ಕಳನ್ನು ಕೊಲ್ಲುವ ಒಬ್ಬನ ಕಥೆ. ಆದರೆ ಒಂದು ಕೊಲೆಯೂ ತೆರೆ ಮೇಲೆ ಕಾಣುವುದಿಲ್ಲ. ಪುಟ್ಟ ಹುಡುಗಿಯೊಬ್ಬಳು ಶಾಲೆಯಿಂದ ಬರುತ್ತಾ ಒಂದು ಕಂಬಕ್ಕೆ ಚೆಂಡು ಎಸೆದು ಹಿಡಿಯುತ್ತಿರುತ್ತಾಳೆ. ಆ ಕಂಬದ ಮೇಲೆ ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಅನ್ನುವ ಪೋಸ್ಟರ್ ಇದೆ. ಪೋಸ್ಟರಿನ ಮೇಲೆ ಒಬ್ಬ ಗಂಡಸಿನ ನೆರಳು ಬೀಳುತ್ತದೆ. ಅತ್ತ ಮನೆಯಲ್ಲಿ ತಾಯಿ ಮಗಳಿಗೆ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಾಳೆ. ಹೆಸರು ಹಿಡಿದು ಕೂಗುತ್ತಾಳೆ. ಖಾಲಿ ಮೆಟ್ಟಿಲು ಕಾಣುತ್ತದೆ, ಖಾಲಿ ತಟ್ಟೆ ಕಾಣುತ್ತದೆ. ಪೊದೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಅವನು ಕೊಡಿಸಿದ್ದ ಬಲೂನು ಮೇಲಿನ ತಂತಿಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಅಷ್ಟೇ. ಇಲ್ಲಿ ಕ್ಯಾಮೆರಾ ಕೊಲೆಗಾರನ ಹಿಂದೆ ಹೋಗಲಿಲ್ಲ, ತಾಯಿಯ ಮನೆಗೆ ಹೋಯಿತು. ಕೊನೆಗೆ ಊರಿನ ಕಳ್ಳರೇ ಸೇರಿ ಅವನನ್ನು ಹಿಡಿದು ವಿಚಾರಣೆ ನಡೆಸುವಾಗ, ತನ್ನನ್ನು ತಡೆಯೋಕೆ ತನ್ನಿಂದಲೇ ಆಗುವುದಿಲ್ಲ ಅಂತ ಅವನು ಅರಚುತ್ತಾನೆ. ಆಗ ನಿಮಗೆ ಅವನ ಮೇಲೆ ಒಂದು ಕ್ಷಣ ಕನಿಕರ ಬಂದರೆ ಗಾಬರಿಯಾಗಬೇಡಿ. ಸಿನಿಮಾ ಆ ಜಾಗಕ್ಕೇ ನಿಮ್ಮನ್ನು ಕರೆದುಕೊಂಡು ಬಂದಿದ್ದು.

ಆಮೇಲೆ ಹಿಚ್‌ಕಾಕ್ ಅವರ 'ಸೈಕೋ' (1960) ನೋಡಿ. ಸ್ನಾನದ ಮನೆಯ ಕೊಲೆಯ ಬಗ್ಗೆ ನೀವು ಕೇಳಿರುತ್ತೀರಿ. ಒಂದು ನಿಮಿಷವೂ ಇಲ್ಲದ ಆ ದೃಶ್ಯದ ಚಿತ್ರೀಕರಣಕ್ಕೆ ಒಂದು ವಾರ ಹಿಡಿದಿತ್ತು. ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದ್ದರು. ಚಾಕುವಿನ ಸದ್ದಿಗೆ ಕರಬೂಜದ ಜಾತಿಯ ಹಣ್ಣಿಗೆ ಚುಚ್ಚಿದ್ದರು. ಎಲ್ಲರೂ ಈ ದೃಶ್ಯವನ್ನೇ ಹೊಗಳುತ್ತಾರೆ. ನನಗೆ ಅದಾದ ಮೇಲೆ ಬರುವ ಭಾಗವೇ ಮುಖ್ಯ. ಆ ಲಾಡ್ಜ್ ನಡೆಸುವ ನಾರ್ಮನ್ ಬಂದು ನೆಲ ಒರೆಸುತ್ತಾನೆ, ಟಬ್ ತೊಳೆಯುತ್ತಾನೆ, ಹೆಣವನ್ನು ಕಾರಿನ ಡಿಕ್ಕಿಗೆ ಹಾಕುತ್ತಾನೆ. ಮಾತಿಲ್ಲದೆ ನಿಮಿಷಗಟ್ಟಲೆ ಇದೇ ನಡೆಯುತ್ತದೆ. ಆಮೇಲೆ ಕಾರನ್ನು ಜೌಗಿಗೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ನಡುವೆ ನಿಂತುಬಿಡುತ್ತದೆ. ಆಗ ನೋಡಿ, "ಅಯ್ಯೋ, ಮುಳುಗಲಿ" ಅಂತ ನಿಮ್ಮ ಮನಸ್ಸು ಹೇಳುತ್ತದೆ. ಕೊಲೆ ಮುಚ್ಚಿಹಾಕುವವನ ಪಕ್ಷಕ್ಕೆ ನೀವು ಯಾವಾಗ ಸೇರಿದಿರಿ? ಸಾಧ್ಯವಾದರೆ ಆ ಜಾಗ ಒಮ್ಮೆ ಹಿಂದೆ ಹಾಕಿ ಮತ್ತೆ ನೋಡಿ.

ಮೂರನೆಯದು ನಮ್ಮದೇ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977), ಅನಂತಮೂರ್ತಿ ಅವರ ಕಥೆ ಆಧರಿಸಿದ್ದು. ಇದನ್ನು ಹಿಂಸೆಯ ಸಿನಿಮಾ ಅಂತ ಯಾರೂ ಕರೆಯುವುದಿಲ್ಲ. ನಾನು ಕರೆಯುತ್ತೇನೆ. ವಿಧವೆ ಯಮುನಕ್ಕ ಬಸುರಾಗುತ್ತಾಳೆ. ಬಸುರು ಮಾಡಿದವನು ಕೈಬಿಡುತ್ತಾನೆ. ಅಗ್ರಹಾರ ಅವಳನ್ನು ಹೊರಗೆ ಹಾಕುತ್ತದೆ. ಹೆತ್ತ ಅಪ್ಪನೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಒಬ್ಬರೂ ಕತ್ತಿ ಎತ್ತುವುದಿಲ್ಲ, ಎಲ್ಲ ಮಂತ್ರ ಹೇಳಿಕೊಂಡು ಶಾಸ್ತ್ರದ ಪ್ರಕಾರ ನಡೆಯುತ್ತದೆ. ಕ್ಯಾಮೆರಾ ಅಲ್ಲಿ ವೇದ ಕಲಿಯೋಕೆ ಬಂದ ನಾಣಿ ಅನ್ನುವ ಹುಡುಗನ ಕಣ್ಣಲ್ಲಿ ನಿಂತು ನೋಡುತ್ತದೆ. ಏನಾಗುತ್ತಿದೆ ಅಂತ ಅವನಿಗೆ ಪೂರ್ತಿ ಗೊತ್ತಿಲ್ಲ, ನಮಗೆ ಗೊತ್ತು. ಇದರ ಹೊಸದಾಗಿ ಸರಿಪಡಿಸಿದ ಪ್ರಿಂಟ್ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಊರಲ್ಲಿ ಎಲ್ಲಾದರೂ ಹಾಕಿದರೆ ಬಿಡಬೇಡಿ.

ಮೂರನೇ ಹೆಜ್ಜೆ: ರೌಡಿ ಸಿನಿಮಾಗಳನ್ನು ಮತ್ತೆ ನೋಡಿ

ಈಗ ಹೊಸ ಕಣ್ಣಲ್ಲಿ ಮೆಜೆಸ್ಟಿಕ್‌ಗೆ ವಾಪಸ್ ಬನ್ನಿ. 1995ರಲ್ಲಿ ಉಪೇಂದ್ರ ನಿರ್ದೇಶನದ 'ಓಂ' ಬಂತು. ಪುರೋಹಿತರ ಮಗ ರೌಡಿಯಾಗುವ ಕಥೆ. ಆಗಿನ ಕೆಲವು ನಿಜವಾದ ರೌಡಿಗಳೇ ಅದರಲ್ಲಿ ಪಾತ್ರ ಮಾಡಿದ್ದರು. ಅದೆಷ್ಟು ಸಲ ಮರುಬಿಡುಗಡೆಯಾಯಿತೋ, ಬಂದಾಗಲೆಲ್ಲ ಜನ ವಿಶಿಲ್ ಹೊಡೆದರು. ಸಿನಿಮಾ ಹೇಳುವುದು ರೌಡಿಸಂ ಬೇಡ ಅಂತ. ಜನರ ನೆನಪಲ್ಲಿ ಉಳಿದಿದ್ದು ಶಿವಣ್ಣ ಲಾಂಗ್ ಹಿಡಿದ ಗತ್ತು. ಬಾಯಲ್ಲಿ ಒಂದು, ಕ್ಯಾಮೆರಾದಲ್ಲಿ ಇನ್ನೊಂದು. ಅದಾದ ಮೇಲೆ ಬಂದ ಎಷ್ಟೋ ಮಚ್ಚಿನ ಸಿನಿಮಾಗಳು ಗತ್ತನ್ನು ಮಾತ್ರ ತೆಗೆದುಕೊಂಡವು, ಕಥೆಯನ್ನು ಬಿಟ್ಟವು.

ಅದರ ಪಕ್ಕದಲ್ಲಿ 'ಆ ದಿನಗಳು' (2007) ಇಟ್ಟು ನೋಡಿ. ಅಗ್ನಿ ಶ್ರೀಧರ್ ಬರೆದ 'ದಾದಾಗಿರಿಯ ದಿನಗಳು' ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ್ದು. ಎಂಬತ್ತರ ದಶಕದ ಬೆಂಗಳೂರಿನ ಜಯರಾಜ್, ಕೊತ್ವಾಲ್ ರಾಮಚಂದ್ರರ ಕಾಲ. ಫೈಟ್ ಮಾಸ್ಟರಿಗೆ ಹೆಚ್ಚು ಕೆಲಸವಿಲ್ಲದ ರೌಡಿ ಸಿನಿಮಾ ಇದು. ಇಲ್ಲಿನ ರೌಡಿಗಳು ಜಾಸ್ತಿ ಮಾಡುವ ಕೆಲಸ ಕಾಯುವುದು, ಲೆಕ್ಕ ಹಾಕುವುದು, ಒಬ್ಬರ ಮುಖ ಒಬ್ಬರು ನೋಡುವುದು. ಮುಂದಿನ ಕ್ಷಣ ಯಾರು ಯಾರನ್ನು ಮುಗಿಸುತ್ತಾರೋ ಅನ್ನುವ ಭಯದಲ್ಲೇ ಎಲ್ಲರೂ ಇರುತ್ತಾರೆ. ಹೀಗೆ ಬದುಕಬೇಕು ಅಂತ ಅದನ್ನು ನೋಡಿದ ಯಾವ ಹುಡುಗನಿಗೂ ಅನ್ನಿಸಲಿಕ್ಕಿಲ್ಲ.

ರಾಜ್ ಬಿ. ಶೆಟ್ಟಿ ಅವರ 'ಗರುಡ ಗಮನ ವೃಷಭ ವಾಹನ' (2021) ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಮಂಗಳೂರಿನ ಮಂಗಳಾದೇವಿಯ ಇಬ್ಬರು ಗೆಳೆಯರು, ಹರಿ ಮತ್ತು ಶಿವ. ಕೊಲೆ ಮಾಡಿದ ಮೇಲೆ ಶಿವ ಹುಲಿವೇಷದ ಹೆಜ್ಜೆ ಹಾಕುತ್ತಾನೆ. ನೋಡುವವರ ಮೈ ಜುಮ್ ಅನ್ನುತ್ತದೆ. ಆ ಜುಮ್ ಭಯದ್ದೋ, ಖುಷಿಯದ್ದೋ? ನನಗಂತೂ ಎರಡೂ ಆಯಿತು. ಒಳ್ಳೆಯ ಸಿನಿಮಾ ಈ ಗೊಂದಲವನ್ನು ಬೇಕಂತಲೇ ಮಾಡುತ್ತದೆ. ಸಾಧಾರಣ ಸಿನಿಮಾಗೆ ಅದು ಗೊತ್ತೇ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ಜಾಗ, ಹೊತ್ತು, ಜೊತೆ

ಭಾರದ ಸಿನಿಮಾಗಳನ್ನು ಮಧ್ಯಾಹ್ನದ ಶೋಗೆ ನೋಡಿ. ಸೆಕೆಂಡ್ ಶೋ ಮುಗಿಸಿ, ಕೊನೆ ಮೆಟ್ರೋ ತಪ್ಪಿ, ಆಟೋದವರ ಜೊತೆ ಜಗಳ ಮಾಡಿಕೊಂಡು ಮನೆ ಸೇರಿ ಆ ಚಿತ್ರಗಳನ್ನು ತಲೆಯಲ್ಲಿಟ್ಟುಕೊಂಡು ಮಲಗುವುದು ಬೇಡ. ಹೊರಗೆ ಬಂದಾಗ ಬೆಳಕಿರಬೇಕು, ಕಾಫಿ ಸಿಗಬೇಕು.

ಬನಶಂಕರಿ 2ನೇ ಹಂತದ ಸುಚಿತ್ರ 1971ರಿಂದ ಇರುವ ಫಿಲಂ ಸೊಸೈಟಿ. ಸಿನಿಮಾ ನೋಡಿ ಕೂತು ಮಾತಾಡುವ ಅಭ್ಯಾಸ ಇರುವ ಜಾಗ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಲ್ಲೆಲ್ಲ ಆಗಾಗ ಪ್ರದರ್ಶನ ಇರುತ್ತದೆ. ಅವರ ತಿಂಗಳ ಕಾರ್ಯಕ್ರಮ ಪಟ್ಟಿ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಇದೆ. ಹಲವು ವರ್ಷ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ನಡೆದಿದೆ. ಆ ವರ್ಷ ಎಲ್ಲಿ ಅಂತ ಮೊದಲೇ ತಿಳಿದುಕೊಳ್ಳಿ, ಡೆಲಿಗೇಟ್ ಪಾಸ್ ಮಾಡಿಸಿ. ಚಿತ್ರೋತ್ಸವದ ಸಿನಿಮಾಗಳಿಗೆ ಸೆನ್ಸಾರ್ ಸರ್ಟಿಫಿಕೇಟಿನಿಂದ ವಿನಾಯಿತಿ ಇರುತ್ತದೆ. ಅಂದರೆ ಕತ್ತರಿ ಬಿದ್ದಿರುವುದಿಲ್ಲ, ಎಚ್ಚರಿಕೆಯೂ ಇರುವುದಿಲ್ಲ. ಕ್ಯಾಟಲಾಗಿನ ನಾಲ್ಕು ಸಾಲು ಓದಿ ಒಳಗೆ ಹೋಗಿ. ಪಾಸ್ ಇದೆ ಅಂತ ದಿನಕ್ಕೆ ನಾಲ್ಕು ಸಿನಿಮಾ ತುಂಬಿಕೊಳ್ಳುವವರು ಕ್ರೌರ್ಯದ್ದು ಎರಡನ್ನು ಒಂದರ ಹಿಂದೆ ಒಂದು ಹಾಕಿಕೊಳ್ಳಬೇಡಿ. ನಡುವೆ ಒಂದು ನಗಿಸುವ ಸಿನಿಮಾ ಇರಲಿ.

ಮನೆಯಲ್ಲಿ ನೋಡುವುದಾದರೆ ಫೋನ್ ಬೇರೆ ರೂಮಿನಲ್ಲಿಡಿ. ಕಷ್ಟದ ದೃಶ್ಯ ಬಂದಾಗ ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ. ಬಾಡಿಗೆ ಮನೆಯಾದರೆ ವಾಲ್ಯೂಮ್ ಸ್ವಲ್ಪ ನೋಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ನಿಮ್ಮ ಮನೆಯಿಂದ ಚೀರಾಟ ಕೇಳಿದರೆ ಓನರ್ ಬಂದು ಬೆಲ್ ಮಾಡಿಯೇ ಮಾಡುತ್ತಾರೆ. ಅವರಿಗೆ ಜರ್ಮನ್ ಸಿನಿಮಾ ಅಂತ ವಿವರಿಸುವುದು ಕಷ್ಟ.

ಜೊತೆಗೆ ಯಾರನ್ನು ಕರೆಯುತ್ತೀರಿ ಅನ್ನುವುದೂ ಮುಖ್ಯ. ಮನೆಯಲ್ಲಿ ಹೊಡೆತ ತಿಂದು ಬೆಳೆದವರು, ಹಲ್ಲೆಗೆ ಸಿಕ್ಕವರು ನಿಮ್ಮ ಗುಂಪಿನಲ್ಲೇ ಇರಬಹುದು. ಅವರು ಹೇಳಿಕೊಂಡಿರುವುದಿಲ್ಲ. ಸಿನಿಮಾದಲ್ಲಿ ಏನಿದೆ ಅಂತ ಮೊದಲೇ ಹೇಳಿಬಿಡಿ. "ಹೇಳಿದ್ರೆ ಮಜಾ ಹೋಗುತ್ತೆ" ಅನ್ನುವ ಮಾತು ಇಂಥ ಸಿನಿಮಾಗೆ ಹೊಂದುವುದಿಲ್ಲ. ಬರಲ್ಲ ಅಂದರೆ ಬಿಡಿ, ಕಾರಣ ಕೇಳಬೇಡಿ.

ಐದನೇ ಹೆಜ್ಜೆ: ನೋಡುವಾಗ

ತಡೆಯೋಕಾಗದ ದೃಶ್ಯ ಬಂದರೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಅದರಿಂದ ಅರ್ಧ ಕೆಲಸವೂ ಆಗುವುದಿಲ್ಲ. ಹೆದರಿಸುವುದರಲ್ಲಿ ಸದ್ದಿನ ಪಾಲೇ ಜಾಸ್ತಿ. ಕಣ್ಣು ತೆರೆದಿಟ್ಟು ಕಿವಿ ಮುಚ್ಚಿ ನೋಡಿ, ದೃಶ್ಯ ಎಷ್ಟು ಸಪ್ಪೆಯಾಗುತ್ತದೆ ಅಂತ. ಮನೆಯಲ್ಲಾದರೆ ಮ್ಯೂಟ್ ಮಾಡಿ ಸಬ್‌ಟೈಟಲ್ ಓದಿಕೊಂಡು ದಾಟಿಬಿಡಿ. ಮಾಸ್ ಸಿನಿಮಾಗೂ ಇದೇ ಪ್ರಯೋಗ ಮಾಡಿ. ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ ತೆಗೆದರೆ ಹೀರೋ ಎಂಟ್ರಿಯಲ್ಲಿ ಉಳಿಯುವುದು ಒಬ್ಬ ಮನುಷ್ಯ ನಿಧಾನವಾಗಿ ನಡೆದು ಬರುವುದು ಮಾತ್ರ.

ಎದ್ದು ಹೋಗಬೇಕು ಅನ್ನಿಸಿದರೆ ಎದ್ದು ಹೋಗಿ. ಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಬೆವರುತ್ತಾ ಕೂರಬೇಡಿ. ಥಿಯೇಟರಿನಲ್ಲಿ ಮೊದಲೇ ಓಡಾಡುವ ದಾರಿಯ ಪಕ್ಕದ ಸೀಟು ಹಿಡಿದರೆ ಇದು ಸುಲಭ.

ಆರನೇ ಹೆಜ್ಜೆ: ಭಾರದವು

ಮೇಲಿನವೆಲ್ಲ ಆದ ಮೇಲೆ ಇವಕ್ಕೆ ಕೈ ಹಾಕಿ. ವೆಟ್ರಿಮಾರನ್ ಅವರ ತಮಿಳು ಸಿನಿಮಾ 'ವಿಸಾರಣೈ' (2015), ಎಂ. ಚಂದ್ರಕುಮಾರ್ ಅನ್ನುವ ಆಟೋ ಚಾಲಕ ಬರೆದ ಪುಸ್ತಕ ಆಧರಿಸಿದ್ದು. ಆಂಧ್ರದಲ್ಲಿ ಕೆಲಸ ಮಾಡುವ ತಮಿಳು ಕೂಲಿ ಹುಡುಗರನ್ನು ಪೊಲೀಸರು ಹಿಡಿದು, ಮಾಡದ ಕಳ್ಳತನ ಒಪ್ಪಿಕೊಳ್ಳಿ ಅಂತ ಬಡಿಯುತ್ತಾರೆ. ಹೊಡೆಯುವವರಿಗೆ ಸಿಟ್ಟೂ ಇಲ್ಲ. ಕೇಸ್ ಮುಗಿಸಬೇಕು, ಅಷ್ಟೇ. ಸಿಟ್ಟಿಲ್ಲದ ಆ ಹೊಡೆತವೇ ತಡೆಯೋಕಾಗದ್ದು. ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' (2018) ಸಿನಿಮಾದಲ್ಲಿ ಜಾತಿಯ ಮರ್ಯಾದೆಗಾಗಿ ಕೊಲ್ಲುವವನು ಒಬ್ಬ ಮುದುಕ. ಬೀದಿಯಲ್ಲಿ ಎದುರಾದರೆ ನೀವು "ತಾತಾ, ಹುಷಾರು" ಅಂತ ಕೈ ಹಿಡಿದು ರಸ್ತೆ ದಾಟಿಸುತ್ತೀರಿ, ಅಂಥವನು. ಅವನಿಗೆ ಅದು ದೇವರ ಕೆಲಸ.

ಮಿಖಾಯೆಲ್ ಹಾನೆಕೆ ಅವರ 'ಫನ್ನಿ ಗೇಮ್ಸ್' (1997) ನನ್ನ ಅಳತೆಗೋಲನ್ನೇ ಪರೀಕ್ಷೆ ಮಾಡುವ ಸಿನಿಮಾ. ಇಬ್ಬರು ಹುಡುಗರು ಒಂದು ಮನೆಗೆ ನುಗ್ಗಿ ಆ ಸಂಸಾರವನ್ನು ಹಿಂಸಿಸುತ್ತಾರೆ. ಮನೆಯ ಮಗು ಸಾಯುವಾಗ ಕ್ಯಾಮೆರಾ ಅಡುಗೆಮನೆಯಲ್ಲಿದೆ, ಅವರಲ್ಲೊಬ್ಬ ತಿನ್ನೋಕೆ ಏನೋ ಮಾಡಿಕೊಳ್ಳುತ್ತಿದ್ದಾನೆ. ಮುಂದೆ ಒಂದು ಕಡೆ ಹೆಂಡತಿ ಬಂದೂಕು ಕಸಿದು ಒಬ್ಬನಿಗೆ ಗುಂಡು ಹಾರಿಸುತ್ತಾಳೆ. ನೀವು "ಸರಿಯಾಯ್ತು" ಅನ್ನುವಷ್ಟರಲ್ಲಿ ಇನ್ನೊಬ್ಬ ಟಿವಿ ರಿಮೋಟ್ ಹುಡುಕಿ ಸಿನಿಮಾವನ್ನೇ ಹಿಂದಕ್ಕೆ ಓಡಿಸುತ್ತಾನೆ. ಗುಂಡು ಬಿದ್ದೇ ಇಲ್ಲ. ಕೆಲವರಿಗೆ ಇದು ಮೋಸ ಅನ್ನಿಸುತ್ತದೆ. ಸಿನಿಮಾದಲ್ಲಿ ಕಣ್ಣೆದುರು ಗುಂಡು ಬಿದ್ದು ಆಗುವ ಕೊಲೆ ಅದೊಂದೇ, ನೀವು ಖುಷಿಪಟ್ಟಿದ್ದೂ ಅದೊಂದಕ್ಕೇ. ನನಗೆ ಈ ನಿರ್ದೇಶಕನ ಪಾಠ ಹೇಳುವ ಧೋರಣೆ ಅಷ್ಟು ಹಿಡಿಸುವುದಿಲ್ಲ. ಆದರೆ ಆ ರಿಮೋಟ್ ಮರೆಯೋಕಾಗಲ್ಲ.

ಎಲ್ಲಕ್ಕಿಂತ ಕೊನೆಗೆ 'ದಿ ಆಕ್ಟ್ ಆಫ್ ಕಿಲ್ಲಿಂಗ್' (2012) ಸಾಕ್ಷ್ಯಚಿತ್ರ. ನಿರ್ದೇಶಕ ಜೋಶುವಾ ಓಪನ್‌ಹೈಮರ್. 1965–66ರಲ್ಲಿ ಇಂಡೋನೇಷ್ಯಾದಲ್ಲಿ ಕಮ್ಯುನಿಸ್ಟರು ಅಂತ ಹೇಳಿ ಲಕ್ಷಾಂತರ ಜನರನ್ನು ಕೊಂದರು. ಕೊಂದವರಲ್ಲಿ ಕೆಲವರು ಸಿನಿಮಾ ಟಾಕೀಸಿನ ಮುಂದೆ ಬ್ಲಾಕಲ್ಲಿ ಟಿಕೆಟ್ ಮಾರುತ್ತಿದ್ದ ರೌಡಿಗಳು. ಅಮೆರಿಕದ ಸಿನಿಮಾ ಅಂದರೆ ಪ್ರಾಣ. ಅವರಿಗೆ ಶಿಕ್ಷೆಯೇ ಆಗಲಿಲ್ಲ. ನಿರ್ದೇಶಕ ಅವರಿಗೆ, ನೀವು ಮಾಡಿದ್ದನ್ನು ನಿಮಗಿಷ್ಟದ ಸಿನಿಮಾ ಥರ ನಟಿಸಿ ತೋರಿಸಿ ಅನ್ನುತ್ತಾರೆ. ಅವರು ಸಂತೋಷವಾಗಿ ಒಪ್ಪುತ್ತಾರೆ. ಅನ್ವರ್ ಕಾಂಗೋ ಎಂಬಾತ ತಾನು ಜನರನ್ನು ಕೊಂದ ಮಹಡಿಗೆ ಕರೆದುಕೊಂಡು ಹೋಗಿ, ತಂತಿಯಲ್ಲಿ ಕತ್ತು ಬಿಗಿಯುವುದು ಹೇಗೆ ಅಂತ ತೋರಿಸಿ, ಅಲ್ಲೇ ಎರಡು ಹೆಜ್ಜೆ ಕುಣಿಯುತ್ತಾನೆ. ಆಮೇಲೆ ಆ ದೃಶ್ಯವನ್ನು ಟಿವಿಯಲ್ಲಿ ನೋಡಿ ಅವನಿಗೆ ಬೇಸರ. ಯಾಕೆ ಗೊತ್ತಾ? ಬಿಳಿ ಪ್ಯಾಂಟ್ ಹಾಕಿಕೊಂಡಿದ್ದೇನೆ, ಆ ಕೆಲಸಕ್ಕೆ ಹೋಗುವಾಗ ನಾನು ಹಾಗೆ ಹಾಕುತ್ತಲೇ ಇರಲಿಲ್ಲ ಅಂತ. ಕೊನೆಯ ಹೊತ್ತಿಗೆ ಅದೇ ಮಹಡಿಯಲ್ಲಿ ಅವನ ಗಂಟಲಿನಿಂದ ಬರುವ ಸದ್ದು ಕೇಳಿ. ಇದರಲ್ಲಿ ಕೆಲಸ ಮಾಡಿದ ಎಷ್ಟೋ ಇಂಡೋನೇಷ್ಯನ್ನರ ಹೆಸರಿನ ಜಾಗದಲ್ಲಿ 'ಅನಾಮಿಕ' ಅಂತಷ್ಟೇ ಇದೆ. ಹೆಸರು ಹಾಕಿಕೊಳ್ಳೋಕೆ ಅವರಿಗೆ ಇನ್ನೂ ಭಯ.

ಏಳನೇ ಹೆಜ್ಜೆ: ಮಾತಾಡಿ

ಹೊರಗೆ ಬಂದ ತಕ್ಷಣ ಸ್ಟಾರ್ ಕೊಡಬೇಡಿ. ಹತ್ತಿರದ ದರ್ಶಿನಿಗೆ ಹೋಗಿ, ಕಾಫಿ ತಗೊಂಡು ನಿಂತುಕೊಂಡೇ ಮಾತಾಡಿ. ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ:

"ಅವ್ನಿಗೆ ಹಂಗೇ ಆಗ್ಬೇಕಿತ್ತು ಬಿಡು ಮಗಾ."

"ಆಯ್ತು ಗುರು, ಒಪ್ದೆ. ಅವ್ನ ತಂಗಿ ಏನಾದ್ಲು? ಇಂಟರ್‌ವಲ್ ಆದ್ಮೇಲೆ ಕಾಣ್ಲೇ ಇಲ್ವಲ್ಲ?"

ಈ ಎರಡನೇ ಪ್ರಶ್ನೆ ಕೇಳುವವರು ಗುಂಪಿನಲ್ಲಿ ಒಬ್ಬರಾದರೂ ಇರಬೇಕು. ಸಿನಿಮಾ ಯಾರನ್ನು ಮರೆಯಿತು? ಸತ್ತವರಲ್ಲಿ ಯಾರಿಗೆ ಹೆಸರೇ ಇರಲಿಲ್ಲ? ನಾವು ಎಲ್ಲಿ ನಕ್ಕೆವು, ಎಲ್ಲಿ ಚಪ್ಪಾಳೆ ಹೊಡೆದೆವು? ಹೆಂಗಸಿನ ಮೇಲಿನ ಹಿಂಸೆ ಇದ್ದರೆ, ಅದು ಅವಳ ಕಥೆಯಾಗಿತ್ತೋ ಅಥವಾ ಹೀರೋಗೆ ಸಿಟ್ಟು ಬರಿಸೋಕೆ ಸುಮ್ನೆ ಇಟ್ಟಿದ್ದೋ? ನಮ್ಮ ಕಡೆ ಈ ಕೊನೆಯ ಪ್ರಶ್ನೆಗೆ ಪಾಸಾಗುವ ಸಿನಿಮಾ ತೀರಾ ಕಡಿಮೆ.

ಒಂದೆರಡು ದಿನ ದೃಶ್ಯಗಳು ಕಾಡುವುದು ಸಹಜ. ಆದರೆ ದಿನಗಟ್ಟಲೆ ನಿದ್ದೆ ಬರದಿದ್ದರೆ, ನಿಮ್ಮದೇ ಹಳೆಯ ಗಾಯ ಕೆದಕಿದ ಹಾಗಾದರೆ ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ಇರುವುದು ನಮ್ಮ ಊರಿನ ನಿಮ್ಹಾನ್ಸ್.

ಕೊನೆಯದು: ಮಕ್ಕಳು, ಮತ್ತೆ ಟಿವಿಯ ಅಕೌಂಟ್

ಹೈಸ್ಕೂಲ್ ಹುಡುಗರು ಇಂಥದ್ದನ್ನು ಹೇಗೂ ನೋಡುತ್ತಾರೆ, ನಿಮ್ಮೆದುರು ನೋಡುವುದಿಲ್ಲ ಅಷ್ಟೇ. ಬೈದರೆ ಗೆಳೆಯನ ಫೋನಿನಲ್ಲಿ ನೋಡುತ್ತಾರೆ. ವಯಸ್ಸಿಗೆ ತಕ್ಕದ್ದನ್ನು ನೀವೇ ಆರಿಸಿ ಜೊತೆಗೆ ಕೂತು ನೋಡಿ. ಜಪಾನಿನ ಸಿನಿಮಾ 'ರಾಶೊಮಾನ್' (1950) ಹತ್ತನೇ ಕ್ಲಾಸ್ ದಾಟಿದವರಿಗೆ ಒಳ್ಳೆಯದು. ಒಂದು ಸಾವು, ನಾಲ್ಕು ಜನರ ನಾಲ್ಕು ಕಥೆ, ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಹೇಳುತ್ತಾರೆ. ಅದರಲ್ಲಿ ಅತ್ಯಾಚಾರದ ವಿಷಯವೂ ಬರುತ್ತದೆ. ನೀವು ಮೊದಲು ನೋಡಿ, ಆಮೇಲೆ ತೀರ್ಮಾನ ಮಾಡಿ.

ಒಟಿಟಿಯಲ್ಲಿ ನಿಮ್ಮ ಪ್ರೊಫೈಲ್ ಬೇರೆ ಮಾಡಿ, ಪಿನ್ ಹಾಕಿ. 13+ ಮತ್ತು ಅದರ ಮೇಲಿನದಕ್ಕೆ ಲಾಕ್ ಸೌಲಭ್ಯ ಕೊಡಲೇಬೇಕು ಅಂತ ಅದೇ 2021ರ ನಿಯಮ ಹೇಳುತ್ತದೆ. ಮನೆಗಳಲ್ಲಿ ಅದನ್ನು ಹಾಕಿಕೊಂಡವರು ಕಡಿಮೆ. ಇನ್ನೊಂದು ತಾಪತ್ರಯ ಇದೆ. ಇಂಥ ಎರಡು ಸಿನಿಮಾ ನೋಡಿದರೆ ಸಾಕು, ಮಾರನೇ ದಿನದಿಂದ ಆ್ಯಪ್ ನಿಮಗೆ ಸರಣಿ ಕೊಲೆಗಾರರ ಕಥೆಗಳನ್ನೇ ಸಾಲಾಗಿ ತಂದು ಸುರಿಯುತ್ತದೆ. ಬೆಳಗ್ಗೆ ಅಜ್ಜಿ ಭಕ್ತಿಗೀತೆ ಹಾಕು ಅಂದಾಗ ತೆರೆ ತುಂಬ ಹೆಣಗಳು. ಸೆಟ್ಟಿಂಗ್ಸ್‌ಗೆ ಹೋಗಿ ವಾಚ್ ಹಿಸ್ಟರಿಯಿಂದ ಆ ಸಿನಿಮಾಗಳನ್ನು ತೆಗೆದುಹಾಕಿ. ಒಂದೆರಡು ದಿನದಲ್ಲಿ ಶಿಫಾರಸುಗಳು ಸರಿಹೋಗುತ್ತವೆ. ಅಜ್ಜಿಗೂ ಒಂದು ಪ್ರೊಫೈಲ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.